ಮೊದಲ ಕಡ್ಡಿ

ಅರ್ಜಿಯಲ್ಲಿ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ಏನು ಓದಿದ್ದೀರಿ, ಏನು ಬರೆದಿದ್ದೀರಿ, ನಿಮ್ಮ ಸಂಶೋಧನೆಯಿಂದ ಯಾರಿಗೆ ಏನು ಲಾಭ, ನಮ್ಮ ವಿದ್ಯಾರ್ಥಿಗಳಿಗೆ ಏನು ಕಲಿಸುತ್ತೀರಿ ಎಂದೆಲ್ಲ ಕೇಳಿದ್ದರು. ರೂಪಶ್ರೀ ಅವಕ್ಕೆಲ್ಲ ತಡವರಿಸದೆ ಉತ್ತರ ಬರೆದಳು. ಕೊನೆಯ ಪುಟದ ಒಂದು ಪ್ರಶ್ನೆಯ ಮುಂದೆ ಮಾತ್ರ ಅವಳ ಕೈ ನಿಂತುಬಿಟ್ಟಿತು. ನಿಮಗೆ ಸ್ವಂತವಾಗಿ ತಂಬಾಕಿನ ಬೆಳೆ, ತಯಾರಿಕೆ, ವ್ಯಾಪಾರದಲ್ಲಿ ಯಾವುದಾದರೂ ಪಾಲು ಇದೆಯೇ? ಹೌದು ಅಥವಾ ಇಲ್ಲ. ಹೌದು ಎಂದಾದರೆ ಇಲ್ಲಿಗೇ ನಿಲ್ಲಿಸಿ, ಈ ಫೆಲೋಶಿಪ್ ನಿಮಗಲ್ಲ.

ಪಿರಿಯಾಪಟ್ಟಣದಲ್ಲಿ ಕೂತವರಿಗೆ ಇದೆಂಥ ಪ್ರಶ್ನೆ! ಹೊಗೆಸೊಪ್ಪಿನ ಋಣವಿಲ್ಲದ ಮನೆ ಹುಡುಕಿಕೊಂಡು ಹುಣಸೂರಿನವರೆಗೆ ನಡೆದರೂ ಸಿಗುವುದು ಕಷ್ಟ. ಹುಣಸೂರು ಮುಟ್ಟಿದ ಮೇಲಂತೂ ಕೇಳುವುದೇ ಬೇಡ. ಸಮುದ್ರದಾಚೆ ಬೆಚ್ಚಗೆ ಕೂತು ಪ್ರಶ್ನೆ ಬರೆದ ಪುಣ್ಯಾತ್ಮರಿಗೆ ಇದು ಹೇಗೆ ಗೊತ್ತಾಗಬೇಕು? ಸಿಗರೇಟು ಕಂಪನಿಯ ದುಡ್ಡು ತಿಂದವರು ಒಳಗೆ ನುಸುಳದಿರಲಿ ಎಂದು ಅವರು ಬೇಲಿ ಹಾಕಿದ್ದರು. ಆ ಬೇಲಿಗೆ ಬಂದು ಸಿಕ್ಕಿಕೊಂಡವಳು ಹೊಗೆಸೊಪ್ಪಿನ ಕೂಲಿ ಹೆಂಗಸರ ಕಾಯಿಲೆಯ ಬಗ್ಗೆಯೇ ಪಿಎಚ್‌ಡಿ ಮಾಡಿದವಳು.

ರೂಪಶ್ರೀಯ ಊರು ರಾವಂದೂರಿನ ಆಚೆ. ಅಲ್ಲಿ ಅವರ ಮನೆಗೆ ಎರಡು ಬ್ಯಾರನ್. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗಿನ ಅಡ್ಡಗಳಗಳ ಮೇಲೆ ಸಾಲುಸಾಲಾಗಿ ನೇತುಹಾಕಿ, ಕೆಳಗಿನ ತಗಡಿನ ಕೊಳವೆಗಳಿಗೆ ಬೆಂಕಿಯ ಕಾವು ಕೊಟ್ಟು ಹದ ಮಾಡುವ, ಕಿಟಕಿಯಿಲ್ಲದ ಎತ್ತರದ ಗೂಡು ಅದು. ಮೊದಲನೆಯದಕ್ಕೆ ಅಪ್ಪ ಜವರಯ್ಯನ ಹೆಸರಿನಲ್ಲಿ ಲೈಸೆನ್ಸ್ ಇತ್ತು. ಎರಡನೆಯದನ್ನು ಕಟ್ಟಿಸುವಾಗ ಇನ್ನೊಂದು ಹೆಸರು ಬೇಕಾಯಿತು. ತಮ್ಮ ಮಾದೇಶ ಆಗಿನ್ನೂ ಹೈಸ್ಕೂಲು ಹುಡುಗ. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳನ್ನು ಜವರಯ್ಯ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಸಹಿ ಹಾಕಿಸಿದ, ಬರುವಾಗ ಮಸಾಲೆದೋಸೆ ಕೊಡಿಸಿದ. ಅವಳಿಗೆ ಸಹಿಗಿಂತ ದೋಸೆಯೇ ನೆನಪಿನಲ್ಲಿ ಉಳಿದಿತ್ತು. ಅಕ್ಕಪಕ್ಕದ ಮನೆಗಳಲ್ಲೂ ಹೀಗೆಯೇ, ಹೆಂಡತಿಯ ಹೆಸರು, ಅತ್ತೆಯ ಹೆಸರು, ಮದುವೆಯಾಗಿ ಹೋದ ಮಗಳ ಹೆಸರು. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ.

ಆದರೆ ಜವರಯ್ಯ ಅಷ್ಟಕ್ಕೇ ಬಿಡುವ ಜನವಲ್ಲ. ಯಾರ ಹೆಸರಿನಲ್ಲಿ ಬ್ಯಾರನ್ ಇದೆಯೋ ಅವರೇ ಪ್ರತಿ ಸೀಸನ್ನಿನ ಮೊದಲ ಕಡ್ಡಿಯನ್ನು ಒಳಗಿಡಬೇಕು ಎಂದು ಮನೆಗೊಂದು ಪದ್ಧತಿ ಮಾಡಿಟ್ಟ. ಹೀಗಾಗಿ ರೂಪಶ್ರೀ ಎಲ್ಲಿದ್ದರೂ ಆ ಒಂದು ದಿನ ಊರಿಗೆ ಬರುತ್ತಿದ್ದಳು. ಅರಿಸಿನ ಕುಂಕುಮ ಹಚ್ಚಿದ ಕಡ್ಡಿಯನ್ನು ಹಿಡಿದು, ಕೆಳಗಿನ ಗಳಕ್ಕೆ ಹತ್ತಿ, ಮೇಲೆ ಕಾಲು ಚಾಚಿ ನಿಂತ ಗಂಡಸಿನ ಕೈಗೆ ಕೊಟ್ಟು ಇಳಿಯುತ್ತಿದ್ದಳು. ಅಪ್ಪ ಹೋದ ಮೇಲೂ ಅದು ತಪ್ಪಿರಲಿಲ್ಲ.

ಅವಳಿಗೀಗ ಮೂವತ್ತೆಂಟು. ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಆದರೆ ಯಾವ ಅತಿಥಿಯನ್ನೂ ಹೀಗೆ ವರ್ಷವರ್ಷವೂ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬರಬಹುದೋ ಇಲ್ಲವೋ ಆಮೇಲೆ ಹೇಳುತ್ತೇವೆ ಎನ್ನುವುದಿಲ್ಲ. ಹಿಂದೆ ಇಂಥ ಅರ್ಜಿಗಳನ್ನು ಎಷ್ಟೋ ಹಾಕಿದ್ದಳು. ಒಬ್ಬರು ನಿಮ್ಮದು ಖಾಯಂ ಕೆಲಸವಲ್ಲ ಎಂದರು, ಇನ್ನೊಬ್ಬರು ವಿಷಯ ತೀರಾ ಸ್ಥಳೀಯವಾಯಿತು ಎಂದರು, ಹಲವರು ಏನೂ ಅನ್ನಲಿಲ್ಲ. ಇದೊಂದು ಮಾತ್ರ ಅವಳಿಗೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಉತ್ತರ ಯೂರೋಪಿನ ಒಂದು ವಿಶ್ವವಿದ್ಯಾಲಯ, ಎರಡು ವರ್ಷ ಪಾಠ ಮತ್ತು ಸಂಶೋಧನೆ, ಹೊಲದಲ್ಲಿ ದುಡಿಯುವ ಹೆಂಗಸರ ಆರೋಗ್ಯವೇ ವಿಷಯ. ಪಿಎಚ್‌ಡಿ ಆಗಿ ಹತ್ತು ವರ್ಷದೊಳಗಿನವರು ಮಾತ್ರ ಹಾಕಬಹುದು. ಅವಳಿಗೆ ಇದೇ ಕೊನೆಯ ವರ್ಷ. ಇದು ತಪ್ಪಿದರೆ ಸಾಯುವ ತನಕ ಅತಿಥಿಯಾಗಿಯೇ ಇರಬೇಕು ಎಂದು ಅವಳಿಗೆ ಖಾತ್ರಿಯಾಗಿತ್ತು.

ಶಿಫಾರಸು ಪತ್ರಕ್ಕೆಂದು ಮೈಸೂರಿನಲ್ಲಿದ್ದ ಗೈಡ್ ಗಂಗಾಧರಪ್ಪನವರ ಮನೆಗೆ ಹೋದಳು. ಅವರು ಎಂದಿನ ಹಾಗೆ, "ನೀನೇ ಚೆನ್ನಾಗಿ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ" ಎಂದರು. ಅವಳು ಬರೆದುಕೊಂಡೇ ಬಂದಿದ್ದಳು. ತನ್ನನ್ನು ತಾನೇ ಹೊಗಳಿಕೊಂಡ ಹಾಳೆಗಳನ್ನು ಕೊಡುವಾಗ ನಾಚಿಕೆಯಾಯಿತು. ಅವರು ಓದಲೂ ಇಲ್ಲ, ಸಹಿ ಹಾಕಿದರು. ಕಾಫಿ ಬಂದ ಮೇಲೆ ಅವಳು ತಂಬಾಕಿನ ಪ್ರಶ್ನೆಯನ್ನೂ ಬ್ಯಾರನ್ನಿನ ವಿಷಯವನ್ನೂ ಹೇಳಿದಳು.

"ನಿನ್ನ ಹೆಸರಲ್ಲಿದ್ದ ಮಾತ್ರಕ್ಕೆ ಅದು ನಿಂದಾಗುತ್ತೇನಮ್ಮ?" ಎಂದರು ಗಂಗಾಧರಪ್ಪ. "ಅದ್ರಿಂದ ನೀನೇನು ಲಾಭ ತಗೋತೀಯಾ? ಇಲ್ಲ ತಾನೇ? ಇಲ್ಲ ಅಂತ ಹಾಕು."

ಅವಳಿಗೂ ಬೇಕಿದ್ದದ್ದು ಯಾರಾದರೊಬ್ಬ ದೊಡ್ಡ ಮನುಷ್ಯರು ಇಷ್ಟು ಹೇಳುವುದು. ಆದರೂ ಮನಸ್ಸು ತಡೆಯದೆ ಮಾದೇಶನಿಗೆ ಫೋನ್ ಮಾಡಿ, ಬ್ಯಾರನ್ನನ್ನು ನಿನ್ನ ಹೆಂಡತಿಯ ಹೆಸರಿಗೆ ಮಾಡಿಸಿಕೋ ಎಂದಳು.

"ಮಾಡಿಸ್ಕತೀನಿ ಬುಡಕ್ಕ, ನಂಗೇನು ಕಷ್ಟ?" ಎಂದ ಮಾದೇಶ. "ಸಸಿ ನೆಟ್ಟಾಗೈತೆ. ಈಗ ಎಸ್ರು ಬದಲಾಯ್ಸಕ್ಕೆ ಓದ್ರೆ ಸೊಪ್ಪು ಮಾರಕ್ಕೆ ತೊಡಕಾಯ್ತದೆ. ಈ ಸೀಸನ್ ಒಂದು ಕಳೀಲಿ."

ಹಾಗಿದ್ದರೆ ಸೀಸನ್ ಕಳೆದ ಮೇಲೆ ನಿಜವಾಗುವುದನ್ನು ಈಗಲೇ ಬರೆದರೆ ಏನು ಮುಳುಗಿತು ಎಂದುಕೊಂಡು ಅವಳು 'ಇಲ್ಲ' ಎಂಬುದರ ಮೇಲೆ ಒತ್ತಿದಳು. ಅರ್ಜಿ ಹೋಯಿತು.

ಜುಲೈ ಕೊನೆಗೆ ಉತ್ತರ ಬಂತು. ಕೊನೆಯ ಸುತ್ತಿಗೆ ಉಳಿದ ಕೆಲವರಲ್ಲಿ ಅವಳೂ ಒಬ್ಬಳು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂದರ್ಶನಕ್ಕೆ ಮೊದಲು ಒಂದು ಕೆಲಸವಿತ್ತು. ಕೂಲಿ ಹೆಂಗಸರಲ್ಲಿ ಒಬ್ಬಳನ್ನಾದರೂ ಅವಳು ದುಡಿಯುವ ಜಾಗದಲ್ಲೇ ಮಾತಾಡಿಸಿ, ಆ ಧ್ವನಿಯನ್ನು ಅನುವಾದದ ಜೊತೆ ಕಳಿಸಬೇಕು.

ಮಾದೇಶನೂ ಆಗಲೇ ಫೋನ್ ಮಾಡಿದ್ದ. "ಭಾನುವಾರ ಬ್ಯಾರ್ನು ತುಂಬ್ತೀವಿ. ಬಾ ಅಕ್ಕ, ಮೊದಲ್ನೇ ಕಡ್ಡಿ ಕೊಡೀವಂತೆ."

ಭಾನುವಾರ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಅವಳು ಹೋಗುವ ಹೊತ್ತಿಗೆ ಹೆಂಗಸರು ನೆನೆದ ಸೊಪ್ಪನ್ನು ಕಿತ್ತು ತಂದು ಬ್ಯಾರನ್ ಮುಂದಿನ ಚಪ್ಪರದಲ್ಲಿ ರಾಶಿ ಹಾಕಿದ್ದರು. ಎರಡೆರಡು ಎಲೆ ಜೋಡಿಸಿ ಕಡ್ಡಿಗೆ ಕಟ್ಟುತ್ತಾ ಕೂತಿದ್ದರು. ಬಣ್ಣ ತಿಳಿಯದಷ್ಟು ಒದ್ದೆಯಾದ ಸೀರೆ, ಮೊಣಕೈವರೆಗೆ ಹತ್ತಿದ ಕಪ್ಪು ಅಂಟು. ಒದ್ದೆ ಎಲೆಯ ವಿಷ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆ ತಿರುಗುತ್ತದೆ, ವಾಂತಿಯಾಗುತ್ತದೆ, ಕೈಕಾಲು ನಡುಗುತ್ತವೆ. ಯಾವ ಆಸ್ಪತ್ರೆಗೆ ಹೋದರೂ ನಿಶ್ಶಕ್ತಿ ಎಂದು ಬರೆದು ಒಂದು ಬಾಟಲು ಟಾನಿಕ್ ಕೊಟ್ಟು ಕಳಿಸುತ್ತಾರೆ, ಈ ಹೆಂಗಸರ ಕಾಯಿಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇದೇ ರೂಪಶ್ರೀಯ ಹತ್ತು ವರ್ಷದ ಕೂಗು.

ಚಪ್ಪರದ ಕೊನೆಯಲ್ಲಿ ಮಂಗಳಗೌರಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳೂ ಗಂಡ ಮಂಚಯ್ಯನೂ ಜವರಯ್ಯನ ಕಾಲದಿಂದ ಈ ಮನೆಯ ಹೊಲದಲ್ಲೇ ದುಡಿದವರು. ಮಗಳು ಬೃಂದಾ ಪಿರಿಯಾಪಟ್ಟಣದ ಕಾಲೇಜಿನಲ್ಲಿ ರೂಪಶ್ರೀಯ ವಿದ್ಯಾರ್ಥಿನಿ. ರೂಪಶ್ರೀ ಫೋನಿನ ರೆಕಾರ್ಡರ್ ಒತ್ತಿ ಮಂಗಳಗೌರಿಯ ಮುಂದೆ ಹಿಡಿದು, ಹೇಗಿದ್ದೀರಿ ಎಂದು ಕೇಳಿದಳು.

"ಏನೇಳ್ಲಿ ಕಣ್ರವ್ವ, ತಲೆ ಗಿರ್ ಅಂತೈತೆ" ಎಂದಳು ಮಂಗಳಗೌರಿ. "ಬೆಳಿಗ್ಗೆ ಎಲ್ಡು ಸಲ ವಾಂತಿ ಆಯ್ತು. ನೆಂದಿರೋ ಸೊಪ್ಪು ನೋಡಿ, ಅಂಗೇಯಾ. ಮನೀಕಂಡ್ರೆ ಮನೆಯೇ ಬುಗುರಿ ಅಂಗೆ ತಿರುಗ್ತದೆ. ಎದ್ರೆ ಕಾಲು ನಂದಲ್ಲ ಅನ್ಸ್ತದೆ."

"ಡಾಕ್ಟ್ರಿಗೆ ತೋರ್ಸಿದ್ರಾ?"

"ತೋರ್ಸಿದ್ರೆ ಏನಂದಾರು? ಚೆನ್ನಾಗಿ ಉಣ್ಣು ಅಂತಾರೆ. ಉಂಡಿದ್ದು ಒಳಗೆ ನಿಂತ್ರೆ ತಾನೇ!" ಎಂದು ನಕ್ಕಳು.

ರೂಪಶ್ರೀಗೆ ಮೈ ಜುಮ್ಮೆಂದಿತು. ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕಾಲು ನಂದಲ್ಲ ಅನ್ನಿಸ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಅವಳ ತಲೆ ಅಲ್ಲಿಂದಲೇ ಲೆಕ್ಕ ಹಾಕತೊಡಗಿತು. ಮನೆಗೆ ಹೋಗಿ ಮಲಗಿಕೊಳ್ಳಿ ಎನ್ನಬೇಕೆಂದು ಮಾತ್ರ ಹೊಳೆಯಲಿಲ್ಲ. ಹತ್ತು ವರ್ಷ ಓದಿದ್ದೆಲ್ಲ ಎಲ್ಲಿ ಹೋಗಿತ್ತೋ ಆ ಹೊತ್ತಿಗೆ!

ಅಷ್ಟರಲ್ಲಿ ತಾಯಿ ದೊಡ್ಡತಾಯಮ್ಮ ಅರಿಸಿನ ಕುಂಕುಮ ಹಚ್ಚಿದ ಕಡ್ಡಿಯನ್ನು ಹಿಡಿದುಕೊಂಡು ಬಂದಳು. "ಬಾ ಮಗ, ಒತ್ತಾಯ್ತದೆ." ಮಾದೇಶ ಆಗಲೇ ಬ್ಯಾರನ್ ಒಳಗೆ ಮೇಲಿನ ಗಳಗಳ ಮೇಲೆ ಕಾಲು ಚಾಚಿ ನಿಂತಿದ್ದ. ಅಕ್ಕಪಕ್ಕದ ಹುಡುಗರು ಫೋನುಗಳನ್ನು ಎತ್ತಿ ಹಿಡಿದಿದ್ದರು. ಇವರು ಫೋಟೋ ತೆಗೆದು ಎಲ್ಲಿ ಹಾಕುತ್ತಾರೋ, ಆ ದೇಶದವರು ಎಲ್ಲಿ ನೋಡುತ್ತಾರೋ ಎಂದು ರೂಪಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು.

"ಈ ಸಲ ನಾನು ಕೊಡಲ್ಲ ಕಣವ್ವ" ಎಂದಳು.

"ಅಂಗಂದ್ರೆ? ನಿನ್ನೆಸ್ರಲ್ಲಿರೋ ಬ್ಯಾರ್ನು."

"ಅದುಕ್ಕೇ ಬ್ಯಾಡ ಅಂತಿರೋದು!"

ದೊಡ್ಡತಾಯಮ್ಮನಿಗೆ ಏನೂ ಅರ್ಥವಾಗಲಿಲ್ಲ. ಹಚ್ಚಿದ ಕುಂಕುಮ ಮಳೆಗೆ ಇಳಿಯುತ್ತಿತ್ತು. ಅವಳ ಮುಖ ಸಣ್ಣದಾದದ್ದನ್ನು ನೋಡಲಾರದೆ ಮಂಗಳಗೌರಿ ಕಂಬ ಹಿಡಿದು ಎದ್ದಳು. "ರೂಪವ್ವಂಗೆ ಒದ್ದೆ ಆಯ್ತದೆ, ಬುಡಿ. ಗೌರಿ ಅಂತ ಎಸ್ರು ಮಡಿಕಂಡಿವ್ನಿ, ನಾ ಕೊಟ್ರೆ ಒಳ್ಳೇದೇ ಆಯ್ತದೆ" ಎಂದು ಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ರೂಪಶ್ರೀ ತಡೆಯಲಿಲ್ಲ. ಬಚಾವಾದೆ ಎಂದುಕೊಂಡಳು.

ಮಂಗಳಗೌರಿ ಮೊದಲ ಕಡ್ಡಿಯನ್ನು ಕೊಟ್ಟು ಇಳಿದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೆಳಗಿನ ಗಳದಲ್ಲಿ ನಿಂತು ಕಡ್ಡಿ ದಾಟಿಸಬೇಕಾದ ಆಳು ಇನ್ನೂ ಬಂದಿರಲಿಲ್ಲ. ಅವನು ಬರುವ ತನಕ ನಾಲ್ಕು ಸಾಲು ನಾನೇ ಕೊಡುತ್ತೇನೆ ಎಂದು ಅವಳು ಅಲ್ಲೇ ನಿಂತಳು. ಕೆಳಗಿನಿಂದ ಬಂದ ಕಡ್ಡಿಯನ್ನು ತೆಗೆದುಕೊಳ್ಳುವುದು, ಮೇಲಕ್ಕೆ ಚಾಚುವುದು, ಮತ್ತೆ ಬಗ್ಗುವುದು. ರೂಪಶ್ರೀ ಚಪ್ಪರದಲ್ಲಿ ಕೂತು, ಫೋನಿನಲ್ಲಿ ಹಿಡಿದ ಮಾತನ್ನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. ತಲೆ ಗಿರ್ ಅಂತೈತೆ ಎಂದು ಮಂಗಳಗೌರಿ ಕಿವಿಯಲ್ಲಿ ಹೇಳುತ್ತಿರುವಾಗಲೇ ಬ್ಯಾರನ್ ಒಳಗೆ ತಗಡಿನ ಕೊಳವೆ ಢಣ್ಣೆಂದಿತು. ಇಯರ್‌ಫೋನ್ ಇದ್ದರೂ ಅದು ಕೇಳಿಸಿತು.

ಮಾದೇಶ ಕಾರು ಓಡಿಸಿದ. ಪಕ್ಕದಲ್ಲಿ ಮಂಚಯ್ಯ. ಹಿಂದಿನ ಸೀಟಿನಲ್ಲಿ ರೂಪಶ್ರೀ, ಅವಳ ತೊಡೆಯ ಮೇಲೆ ಮಂಗಳಗೌರಿಯ ತಲೆ. ಹೊರಗೆ ರಕ್ತ ಹೆಚ್ಚು ಬಂದಿರಲಿಲ್ಲ. ಕಿವಿಯಿಂದ ಮಾತ್ರ ಸ್ವಲ್ಪ ಬರುತ್ತಿತ್ತು, ಅದನ್ನು ರೂಪಶ್ರೀ ದುಪಟ್ಟಾದಿಂದ ಒತ್ತಿ ಹಿಡಿದಿದ್ದಳು. ಕಾರಿನ ತುಂಬ ಹಸಿ ಸೊಪ್ಪಿನ ಘಾಟು. ರಾವಂದೂರು ದಾಟಿತು. ಪಿರಿಯಾಪಟ್ಟಣ ಇನ್ನೂ ದೂರವಿರುವಾಗ ಮಂಗಳಗೌರಿ ಒಂದು ಸಲ ದೊಡ್ಡದಾಗಿ ಉಸಿರೆಳೆದುಕೊಂಡಳು. ರೂಪಶ್ರೀ ಮುಂದಿನ ಉಸಿರಿಗೆ ಕಾದಳು. ಅದು ಬರಲಿಲ್ಲ.

"ಮಾದೇಶ" ಎಂದಳು.

ಅವನಿಗೆ ಆ ಒಂದು ಕರೆಯಲ್ಲೇ ಗೊತ್ತಾಯಿತು. ರಸ್ತೆ ಪಕ್ಕದ ಆಲದ ಮರದ ಕೆಳಗೆ ಕಾರು ನಿಲ್ಲಿಸಿ ಸ್ಟೇರಿಂಗ್ ಮೇಲೆ ಹಣೆಯಿಟ್ಟ. ಮಂಚಯ್ಯ ಹಿಂದಕ್ಕೆ ತಿರುಗಿ ಹೆಂಡತಿಯ ಕಾಲನ್ನು ಹಿಡಿದುಕೊಂಡು, "ಗೌರಿ, ಗೌರಿ" ಎಂದು ಮೆಲ್ಲಗೆ ಕರೆದ, ನಿದ್ದೆಯಿಂದ ಎಬ್ಬಿಸುವವನ ಹಾಗೆ. ಅವನು ಜೋರಾಗಿ ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾದೇಶ ತಲೆಯೆತ್ತಿ ಕನ್ನಡಿಯಲ್ಲಿ ಅಕ್ಕನನ್ನು ನೋಡಿದ. "ಆಸ್ಪತ್ರೆಗೆ ಓದ್ರೆ ಪೊಲೀಸ್ರು ಬತ್ತಾರೆ ಕಣಕ್ಕ. ಎಲ್ಲಿ ಬಿದ್ರು, ಯಾರ ಬ್ಯಾರ್ನು ಅಂತ ಕೇಳ್ತಾರೆ." ಅವನಿಗೆ ಮುಂದಿನ ಮಾತು ಕಷ್ಟವಾಯಿತು. "ಎಸ್ರು ನಿಂದೈತೆ. ನಂದಿದ್ರೆ ನಾ ನೋಡ್ಕತಿದ್ದೆ, ದೇವ್ರಾಣೆ. ಈಗ ಏನ್ ಮಾಡ್ಲಿ, ನೀನೇ ಏಳು."

ಮಂಚಯ್ಯ ಕಾಲನ್ನು ಬಿಡದೆ ಹೇಳಿದ, "ಅಲ್ಲಿಗೆ ಓದ್ರೆ ಕುಯ್ತಾರಾ, ಬುದ್ಧಿ?"

ಇಬ್ಬರೂ ರೂಪಶ್ರೀಯ ಮುಖವನ್ನೇ ನೋಡಿದರು. ಓದಿದವಳು ಅವಳು. ಯಾವುದು ಸರಿ ಎಂದು ಇಡೀ ಕಾರಿನಲ್ಲಿ ತಿಳಿದಿದ್ದವಳೂ ಅವಳೊಬ್ಬಳೇ. ಈ ಸಾವು ಬರಹಕ್ಕೆ ಬರಬೇಕು, ಸೊಪ್ಪಿನ ವಿಷ ತಲೆಗೇರಿ ಬಿದ್ದು ಸತ್ತಳು ಎಂದು ಒಬ್ಬ ಡಾಕ್ಟರಾದರೂ ಬರೆಯಬೇಕು. ಅವಳು ಹತ್ತು ವರ್ಷದಿಂದ ಬೇಡಿದ್ದು ಇದನ್ನೇ ಅಲ್ಲವೇ? ಅದೀಗ ಅವಳ ತೊಡೆಯ ಮೇಲಿತ್ತು, ಇನ್ನೂ ಬೆಚ್ಚಗಿತ್ತು.

"ಮನೆಗೇ ಓಗಾನ" ಎಂದಳು ರೂಪಶ್ರೀ.

ಮಾದೇಶ ಕಾರು ತಿರುಗಿಸಿದ.

ಆಮೇಲಿನದನ್ನು ಯಾರೂ ಕೂತು ಸಂಚು ಮಾಡಲಿಲ್ಲ. ಸಂಚು ಮಾಡುವಷ್ಟು ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಕಾರು ಮನೆ ಮುಂದೆ ನಿಂತಾಗ ದೊಡ್ಡತಾಯಮ್ಮ ಎದೆ ಬಡಿದುಕೊಂಡು ಅತ್ತು, ಆಮೇಲೆ ಕಣ್ಣೊರೆಸಿಕೊಂಡು, "ಅವಳ ಅಟ್ಟಿ ಮೆಟ್ಲು ಪಾಚಿ ಕಟ್ಟಿತ್ತು ಕಣ್ರಪ್ಪ, ಜಾರೈತೆ" ಎಂದಳು. ಅಷ್ಟೇ. ಅದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಬ್ಯಾರನ್ ಮುಂದೆ ಸೊಪ್ಪು ಕಟ್ಟುತ್ತಿದ್ದ ಹೆಂಗಸರೂ ತಲೆ ಬಗ್ಗಿಸಿಕೊಂಡು ಹೌದೆಂದರು, ನಾಳೆ ಅವರಿಗೂ ಅದೇ ಚಪ್ಪರದಲ್ಲಿ ಕೆಲಸ ಬೇಕಲ್ಲ. ಸಂಜೆಯೊಳಗೆ ಮಂಗಳಗೌರಿ ಅವಳ ಮನೆಯ ಮೆಟ್ಟಿಲಿನಿಂದಲೇ ಬಿದ್ದವಳಾದಳು. ಮಂಚಯ್ಯ ಮಾತ್ರ ಏನನ್ನೂ ಹೇಳಲಿಲ್ಲ, ಕೇಳಿದವರಿಗೆ ಕೈಯಾಡಿಸಿ ಸುಮ್ಮನಾದ.

ತಿಥಿ ಮುಗಿದ ಮೇಲೆ ಬೃಂದಾ ಕಾಲೇಜಿಗೆ ಬಂದಳು. ರೂಪಶ್ರೀ ಕ್ಲಾಸು ಮುಗಿಸಿ ಹೊರಬರುವಾಗ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದಳು. ಪುಸ್ತಕಗಳನ್ನು ಎದೆಗೆ ಅವುಚಿಕೊಂಡು, "ಮೇಡಂ, ಒಂದ್ನಿಮಿಷ" ಎಂದಳು.

ಇಬ್ಬರೂ ಖಾಲಿ ಕ್ಲಾಸಿನೊಳಗೆ ಹೋದರು.

"ನಮ್ಮವ್ವ ಬಿದ್ದಿದ್ದು ನಮ್ಮನೆ ಮೆಟ್ಲಿಂದ ಅಲ್ಲ ಅಂತ ನಂಗೊತ್ತು ಮೇಡಂ" ಎಂದಳು ಬೃಂದಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀರುಯ್ಯಾಗ ಕೈ ತಿಕ್ಕಿದ್ದು ನಾನೇ. ಸೊಪ್ಪಿನ ಅಂಟು ಅಂಗೇ ಇತ್ತು. ಮನೇಲಿದ್ದಿದ್ರೆ ತೊಳ್ಕೊಂಡಿರೋರು, ಅಂಟು ಕೈಯಲ್ಲಿ ಒಲೆ ಮುಟ್ತಿರ್ಲಿಲ್ಲ ನಮ್ಮವ್ವ. ಕೂದಲಲ್ಲಿ ತಗಡಿನ ತುಕ್ಕಿತ್ತು."

ರೂಪಶ್ರೀ ಹೋಗಿ ಕ್ಲಾಸಿನ ಬಾಗಿಲನ್ನು ಮುಂದಕ್ಕೆಳೆದಳು.

"ನಾನು ಯಾರ್ಗೂ ಹೇಳಲ್ಲ ಮೇಡಂ. ಅಪ್ಪ ಅಲ್ಲೇ ಕೆಲಸ ಮಾಡ್ಬೇಕು. ಮಾದೇಶಣ್ಣನೂ ನಮ್ಮನ್ನ ಚೆನ್ನಾಗೇ ನೋಡ್ಕತಾವ್ರೆ. ಆದ್ರೆ ನೀವು ಇದ್ನೇ ಅಲ್ವಾ ಬರೆಯೋದು? ಕ್ಲಾಸಲ್ಲಿ ಹೇಳಿದ್ರಿ, ಹೆಸರು ಬದಲಾಯಿಸಿ ಬರೀಬೋದು, ಯಾರಿಗೂ ತೊಂದ್ರೆ ಆಗಲ್ಲ ಅಂತ. ನಮ್ಮವ್ವನ ಹೆಸರೂ ಬ್ಯಾಡ, ನಿಮ್ಮನೆ ಹೆಸರೂ ಬ್ಯಾಡ. ಎಲ್ಲಿ ಬಿದ್ರು, ಯಾಕೆ ಬಿದ್ರು ಅನ್ನೋದೊಂದು ಎಲ್ಲಾದ್ರೂ ಸರಿಯಾಗಿ ಇರ್ಲಿ ಮೇಡಂ."

ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ. ರೂಪಶ್ರೀ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಬರೀತೀನಿ ಕಣಮ್ಮ" ಎಂದಳು. ಹೇಳುವಾಗ ಅದು ನಿಜವೇ ಆಗಿತ್ತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಎದ್ದು ಮುಖ ತೊಳೆದುಕೊಂಡು, ಮಂಗಳಗೌರಿಯ ಧ್ವನಿಯನ್ನು ಅನುವಾದದ ಜೊತೆ ಕಳಿಸಿದಳು. ಅದಕ್ಕಿಂತ ಒಳ್ಳೆಯದು ಅವಳ ಹತ್ತಿರ ಬೇರೆ ಇರಲಿಲ್ಲ.

ಸಂದರ್ಶನಕ್ಕೆ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ಕೇಳಿ ಪಡೆದಿದ್ದಳು. ಪರದೆಯ ಮೇಲೆ ಮೂರು ಮುಖಗಳು. ನಡುವೆ ಕೂತಿದ್ದ ಬಿಳಿಗೂದಲಿನ ಹೆಂಗಸು ಆ ಸಮಿತಿಯ ಅಧ್ಯಕ್ಷೆ. ಆಕೆಯ ಇಂಗ್ಲಿಷು ನಿಧಾನ, ನೋಟ ಮೃದು. ಮೊದಲು ಪಾಠದ ಬಗ್ಗೆ, ಸಂಶೋಧನೆಯ ವಿಧಾನದ ಬಗ್ಗೆ ಕೇಳಿದರು. ರೂಪಶ್ರೀ ನೀರು ಕುಡಿದ ಹಾಗೆ ಹೇಳಿದಳು. ಹೊರಗೆ ಯಾವುದೋ ಕ್ಲಾಸಿನ ಮಕ್ಕಳು ಗಲಾಟೆ ಮಾಡುತ್ತಿದ್ದರು, ಅದಕ್ಕೂ ಅವಳು ನಗುತ್ತಾ ಕ್ಷಮೆ ಕೇಳಿದಳು.

ಕೊನೆಗೆ ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ಹೇಳಿದಳು, "ನೀವು ಕಳಿಸಿದ ಧ್ವನಿಯನ್ನು ನಾನು ಹಲವು ಸಲ ಕೇಳಿದೆ. ಭಾಷೆ ತಿಳಿಯದಿದ್ದರೂ ಕೇಳಿದೆ. ಕಾಲು ನನ್ನದಲ್ಲ ಎನ್ನುತ್ತಾರಲ್ಲ ಆ ತಾಯಿ, ಕೊನೆಯಲ್ಲಿ ನಗುತ್ತಾರೆ. ಈಗ ಹೇಗಿದ್ದಾರೆ ಅವರು?"

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಚೆನ್ನಾಗಿದ್ದಾರೆ ಎನ್ನಬಹುದಿತ್ತು. ಆದರೆ ಆ ಮುಖ ಬೃಂದಾಳ ಮುಖದಷ್ಟೇ ನಂಬಿಕೆಯಿಂದ ನೋಡುತ್ತಿತ್ತು. ಬಾಯಿ ತಪ್ಪಿ ಅರ್ಧ ನಿಜ ಹೊರಗೆ ಬಂತು. "ಅವರು ತೀರಿಹೋದರು."

ಮೂರು ಮುಖಗಳೂ ಒಂದು ಗಳಿಗೆ ಕದಲಲಿಲ್ಲ. ನೆಟ್‌ವರ್ಕ್ ನಿಂತಿತೇನೋ ಎಂದು ರೂಪಶ್ರೀ ಆಸೆಪಟ್ಟಳು. ನಿಂತಿರಲಿಲ್ಲ.

"ಹೇಗೆ? ಕೆಲಸ ಮಾಡುವಾಗಲೇ?" ಎಂದಳು ಅಧ್ಯಕ್ಷೆ.

ಹೌದು ಎಂದರೆ ಎಲ್ಲಿ ಎನ್ನುತ್ತಾರೆ. ಯಾರ ಬ್ಯಾರನ್ ಎನ್ನುತ್ತಾರೆ. ದೂರು ಕೊಟ್ಟಿರಾ, ನೀವು ಆಗ ಎಲ್ಲಿದ್ದಿರಿ, ತಲೆ ತಿರುಗುತ್ತಿದೆ ಎಂದವರನ್ನು ಹತ್ತಲು ಯಾಕೆ ಬಿಟ್ಟಿರಿ ಎನ್ನುತ್ತಾರೆ. ಹೆಸರು ಬದಲಾಯಿಸಿ ಬರೆಯಬಹುದು ಎಂದು ಕ್ಲಾಸಿನಲ್ಲಿ ಹೇಳುವುದು ಸುಲಭ. ಇಲ್ಲಿ ಬದಲಾಯಿಸಬೇಕಾಗಿದ್ದದ್ದು ತನ್ನ ಹೆಸರನ್ನು.

"ಇಲ್ಲ" ಎಂದಳು ರೂಪಶ್ರೀ. "ಅವರ ಮನೆಯಲ್ಲಿ. ಮೆಟ್ಟಿಲಿನಿಂದ ಜಾರಿ ಬಿದ್ದರು. ಮಳೆಗಾಲ."

ಅರ್ಜಿಯಲ್ಲಿ ಒತ್ತಿದ್ದೂ ಇದೇ ಪದವನ್ನು. ಎರಡನೆಯ ಸಲ ಅದು ಸಲೀಸಾಗಿ ಬಂತು.

ಅಧ್ಯಕ್ಷೆ ಕಣ್ಣೊರೆಸಿಕೊಂಡಳು. ಇಂಥವರ ಸಾವುಗಳು ಎಲ್ಲೂ ದಾಖಲಾಗುವುದಿಲ್ಲ, ಅದಕ್ಕಾಗಿಯೇ ನಿಮ್ಮಂಥವರು ಬೇಕು ಎಂದಳು. ರೂಪಶ್ರೀ ಥ್ಯಾಂಕ್ಸ್ ಹೇಳಿದಳು.

ಫೆಲೋಶಿಪ್ ಬಂತು. ಪ್ರಿನ್ಸಿಪಾಲರು ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ನಮ್ಮ ಕಾಲೇಜಿನ ಹೆಮ್ಮೆ ಎಂದರು. ಇಷ್ಟು ವರ್ಷ ಅತಿಥಿಯಾಗಿದ್ದವಳು ಆ ಒಂದು ದಿನ ಮನೆಮಗಳಾದಳು. ಗಂಗಾಧರಪ್ಪನವರು ಫೋನ್ ಮಾಡಿ, ತಮ್ಮ ಪತ್ರ ಕೆಲಸ ಮಾಡಿತು ಎಂದರು. ಬ್ಯಾರನ್ ಹೆಸರು ಬದಲಾಯಿಸಲು ಮಾದೇಶ ಓಡಾಟ ಶುರುಮಾಡಿದ, ಸೀಸನ್ ಮುಗಿದ ಕೂಡಲೇ ಆಗಿಹೋಗುತ್ತದೆ ಎಂದ. ಅಲ್ಲಿಗೆ ಅರ್ಜಿಯಲ್ಲಿ ಬರೆದದ್ದೂ ನಿಜವಾದ ಹಾಗೆ. ಆದರೆ ತಗಡಿನ ಡಬ್ಬ ಕೆಳಗೆ ಬಿದ್ದರೂ ರೂಪಶ್ರೀ ದಡಕ್ಕನೆ ಎದ್ದು ನಿಲ್ಲುತ್ತಿದ್ದಳು.

ಹೊರಡುವ ಮುಂಚೆ ತಾಯಿಯನ್ನು ಮಾತಾಡಿಸಲು ಊರಿಗೆ ಹೋದಳು. ಆ ವರ್ಷದ ಕೊನೆಯ ಸೊಪ್ಪು ಬಂದಿತ್ತು. ಚಪ್ಪರದಲ್ಲಿ ಹೆಂಗಸರು ಕಡ್ಡಿ ಕಟ್ಟುತ್ತಾ ಕೂತಿದ್ದರು. ಕೊನೆಯ ಕಂಬದ ಹತ್ತಿರ, ಮಂಗಳಗೌರಿ ಕೂರುತ್ತಿದ್ದ ಜಾಗದಲ್ಲಿ ಬೃಂದಾ ಕೂತಿದ್ದಳು. ರೂಪಶ್ರೀಯನ್ನು ಕಂಡು ಕ್ಲಾಸಿನಲ್ಲಿ ಏಳುವ ಹಾಗೆ ಎದ್ದು ನಿಂತಳು. ಅವಳ ಮಡಿಲಿನಿಂದ ಎಲೆಗಳು ಕೆಳಗೆ ಬಿದ್ದವು.

"ಕಾಲೇಜಿಗೆ ಬರ್ತಿಲ್ವಲ್ಲಮ್ಮ?"

"ಈ ವರ್ಷ ಆಗಲ್ಲ ಮೇಡಂ. ಅಪ್ಪ ಒಬ್ರೇ. ಮುಂದಿನ ವರ್ಷ ಪರೀಕ್ಷೆ ಕಟ್ತೀನಿ." ಬೃಂದಾ ಅಂಟು ಮೆತ್ತಿದ ಕೈಗಳನ್ನು ಹಿಂದಕ್ಕೆ ಮರೆಮಾಡಿಕೊಂಡಳು. "ಕೈ ಒಂಚೂರು ಚೆನ್ನಾಗಿದ್ದಿದ್ರೆ ನಿಮ್ಮ ಕಾಲು ಮುಟ್ತಿದ್ದೆ." ಆಮೇಲೆ ಹತ್ತಿರ ಬಂದು, ಪಕ್ಕದ ಹೆಂಗಸರಿಗೆ ಕೇಳಿಸದ ಹಾಗೆ, "ಬರೆದ್ರಾ ಮೇಡಂ?" ಎಂದಳು.

"ಬರ್ದೆ ಕಣಮ್ಮ" ಎಂದಳು ರೂಪಶ್ರೀ.

ಬೃಂದಾಳ ಮುಖದಲ್ಲಿ ಅಷ್ಟು ದಿನ ಬಿಗಿದುಕೊಂಡಿದ್ದದ್ದೇನೋ ಸಡಿಲವಾಯಿತು. "ಅಪ್ಪಂಗೆ ಓದಿ ಹೇಳ್ಬೇಕು ಮೇಡಂ. ಎಲ್ಲಿ ಸಿಗುತ್ತೆ?"

"ಅದು ಇಂಗ್ಲಿಷಲ್ಲಿದೆ. ಕಷ್ಟವಾದ ಇಂಗ್ಲಿಷು."

"ಆಗ್ಲಿ ಬುಡಿ ಮೇಡಂ. ಎಷ್ಟು ವರ್ಷ ಆದ್ರೂ ಆಗ್ಲಿ, ಇಂಗ್ಲಿಷ್ ಕಲ್ತು ನಾನೇ ಓದ್ತೀನಿ" ಎಂದು ಬೃಂದಾ ಬಿದ್ದ ಎಲೆಗಳನ್ನು ಆಯ್ದುಕೊಳ್ಳಲು ಬಗ್ಗಿದಳು.

ಹದಿಮೂರು ವರ್ಷ ಪಾಠ ಹೇಳಿದ ರೂಪಶ್ರೀಗೆ, ತನ್ನ ವಿದ್ಯಾರ್ಥಿನಿ ಏನನ್ನೂ ಕಲಿಯದೇ ಹೋಗಲಿ ಎಂದು ಮೊದಲ ಸಲ ಅನ್ನಿಸಿತು.